ಇಪ್ಪತ್ತಾರು ತಿರುವುಗಳ ಕೆಳಗಿನ ಊರು

"ಹದಿನಾರು ವರ್ಷ ಆಗಿರ್ಬೇಕಂತೆ ಅಮ್ಮಾ. ನಾನೇನು ಎಲ್.ಕೆ.ಜಿ. ಮಗೂನಾ?"

ಗುಡ್ಡದ ತಲೆಯ ಮೇಲೆ, ಗಾಳಿಮರಗಳ ತೋಪಿನ ಅಂಚಿನಲ್ಲಿ ನಿಂತು ಮಗಳು ಮುಖ ಊದಿಸಿಕೊಂಡಿದ್ದಳು. ಅವಳಿಗೆ ಆಗ ಹದಿನಾಲ್ಕು. 2015ರ ಬೇಸಿಗೆ ರಜೆ. ಹೊನೊಲುಲುವಿನಲ್ಲಿ ಕೆಲಸದಲ್ಲಿದ್ದ ಮೈದುನನ ಮನೆಗೆ ಹೋಗಿದ್ದ ನಾವು ಅಲ್ಲಿಂದ ಪುಟ್ಟ ವಿಮಾನವೊಂದರಲ್ಲಿ ಮೊಲೊಕಾಯಿ ದ್ವೀಪಕ್ಕೆ ಬಂದಿದ್ದೆವು. ಹವಾಯಿ ಎಂದೊಡನೆ ಕಣ್ಣಿಗೆ ಕಟ್ಟುವ ಹೂಮಾಲೆ, ನೃತ್ಯ, ಗಗನಚುಂಬಿ ಹೋಟೆಲುಗಳು ಇವ್ಯಾವೂ ಮೊಲೊಕಾಯಿಯಲ್ಲಿ ಇಲ್ಲ. ಇಡೀ ದ್ವೀಪದಲ್ಲಿ ಒಂದು ಟ್ರಾಫಿಕ್ ದೀಪವೂ ಇಲ್ಲವೆಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ನಾವು ನಿಂತಿದ್ದ ಪಲಾವು ಉದ್ಯಾನದ ಕಟ್ಟೆಯಿಂದ ಕೆಳಗೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಸಾವಿರದ ಆರುನೂರು ಅಡಿಗಳಷ್ಟು ಆಳಕ್ಕೆ ಗೋಡೆಯಂತೆ ಇಳಿದ ಬೆಟ್ಟ. ಅದರ ಬುಡದಿಂದ ಕಡಲಿಗೆ ಚಾಚಿಕೊಂಡ ಹಸಿರು ನಾಲಿಗೆಯಂಥ ನೆಲ. ಮೂರು ಕಡೆ ನೀರು, ನಾಲ್ಕನೆಯ ಕಡೆ ಈ ಗೋಡೆ. ಆ ನಾಲಿಗೆಯ ಮೇಲೆ ಬಿಳಿ ಚುಕ್ಕಿಗಳಂತೆ ಮನೆಗಳು, ಒಂದು ಚರ್ಚು, ಒಂದು ದೀಪಸ್ತಂಭ. ಅದೇ ಕಲಾವುಪಾಪ. 1866ರಿಂದ 1969ರವರೆಗೆ, ಒಂದು ಶತಮಾನಕ್ಕೂ ಹೆಚ್ಚು ಕಾಲ, ಹವಾಯಿಯಲ್ಲಿ ಕುಷ್ಠರೋಗ ಇದೆಯೆಂದು ವೈದ್ಯರು ಹೇಳಿದವರನ್ನು ಇಲ್ಲಿಗೆ ಸಾಗಿಸುತ್ತಿದ್ದರು. ಒಟ್ಟು ಸುಮಾರು 8,000 ಮಂದಿ. ಹೆಚ್ಚಿನವರು ದ್ವೀಪಗಳ ಮೂಲನಿವಾಸಿಗಳು. ಹೆಚ್ಚಿನವರು ಮರಳಲಿಲ್ಲ.

ಕೆಳಗಿಳಿಯಲು ಆರೋಗ್ಯ ಇಲಾಖೆಯ ಪರವಾನಗಿ ಬೇಕು. ದಿನಕ್ಕೆ ನೂರು ಮಂದಿಗಿಂತ ಹೆಚ್ಚು ಆಗ ಬಿಡುತ್ತಿರಲಿಲ್ಲ. ಅಲ್ಲಿ ವಾಸವಿರುವ ಹಳೆಯ ರೋಗಿಗಳ ಫೋಟೋವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯುವಂತಿಲ್ಲ. ಹದಿನಾರು ತುಂಬದ ಮಕ್ಕಳಿಗೆ ಪ್ರವೇಶವೇ ಇಲ್ಲ. ನನ್ನವರು ಮಗಳ ಜೊತೆ ಮೇಲೆಯೇ ಉಳಿಯುವುದೆಂದೂ, ನಾನೊಬ್ಬಳೇ ಇಳಿಯುವುದೆಂದೂ ತೀರ್ಮಾನವಾಯಿತು. "ಅಷ್ಟು ದೂರದಿಂದ ಬಂದು ಆಸ್ಪತ್ರೆ ನೋಡೋಕೆ ಹೋಗ್ತೀಯಲ್ಲ, ನಿಂಗೇನು ಹುಚ್ಚು?" ಎಂದು ಹಿಂದಿನ ರಾತ್ರಿ ಅವರು ಕೇಳಿದ್ದರು. ನಾನು ಉತ್ತರ ಹೇಳಿರಲಿಲ್ಲ.

ಕಾಲುದಾರಿ ಐದು ಕಿಲೋಮೀಟರಿಗೆ ತುಸು ಹೆಚ್ಚು, ಇಪ್ಪತ್ತಾರು ತಿರುವುಗಳು. ಪ್ರತಿ ತಿರುವಿಗೂ ಅಂಕಿ ಬರೆದ ಫಲಕವಿದೆ. ಮುಂದೆ ಹೋದ ಹೇಸರಗತ್ತೆಗಳ ಸಗಣಿಯ ಮೇಲೆ ಕಾಲಿಡದಂತೆ ನೆಲ ನೋಡಿಕೊಂಡೇ ನಡೆಯಬೇಕಿತ್ತು. ಕಡಲು ಕಾಣಬೇಕಾದರೆ ನಿಲ್ಲಬೇಕು. ಒಂಬತ್ತನೆಯದೋ ಹತ್ತನೆಯದೋ ತಿರುವಿನಲ್ಲಿ ನಿಂತಾಗ ಪೊದೆಯೊಳಗೆ ಸರಸರ ಸದ್ದು. ನೋಡಿದರೆ ಚುಕ್ಕಿ ಜಿಂಕೆ! ನಮ್ಮ ಬಂಡೀಪುರದ್ದೇ ಜಾತಿ. ಭಾರತ ಮೂಲದ ಈ ಜಿಂಕೆಗಳು ಹಾಂಗ್‌ಕಾಂಗ್ ಮೂಲಕ ರಾಜ ಐದನೆಯ ಕಮೆಹಮೆಹನಿಗೆ ಉಡುಗೊರೆಯಾಗಿ ಬಂದು 1868ರಲ್ಲಿ ಮೊಲೊಕಾಯಿಯಲ್ಲಿ ಬಿಡುಗಡೆಯಾದವು. ಈಗ ದ್ವೀಪದ ತುಂಬ ಅವೇ. ಮೂರು ವರ್ಷ ಮೊದಲು, 1865ರ ಜನವರಿ 3ರಂದು ಅದೇ ರಾಜ ಇನ್ನೊಂದು ಕಾಗದಕ್ಕೆ ರುಜು ಹಾಕಿದ್ದ. ಕುಷ್ಠರೋಗ ಹರಡದಂತೆ ತಡೆಯುವ ಕಾಯ್ದೆ ಅದು. ರೋಗದ ಸಂಶಯವಿದ್ದವರನ್ನು ಹಿಡಿದು ತಂದು ತಪಾಸಣೆ ಮಾಡಲು, ರೋಗ ಖಚಿತವಾದರೆ ದೂರ ಇರಿಸಲು ಅದು ಅಧಿಕಾರ ಕೊಟ್ಟಿತು. 1866ರ ಜನವರಿ 6ರಂದು ಒಂಬತ್ತು ಗಂಡಸರು, ಮೂವರು ಹೆಂಗಸರು, ಒಟ್ಟು ಹನ್ನೆರಡು ಮಂದಿಯನ್ನು ದೋಣಿ ಇಲ್ಲಿ ಇಳಿಸಿ ಹೋಯಿತು.

ರಾಜನನ್ನು ಬೈಯುವುದು ಸುಲಭ. ಹೊರಗಿನ ಹಡಗುಗಳು ತಂದ ದಡಾರ, ಸಿಡುಬುಗಳಿಗೆ ಅವನ ಜನ ಸಾವಿರಗಟ್ಟಲೆ ಸತ್ತಿದ್ದರು. ಉಳಿದವರನ್ನು ಉಳಿಸುವುದು ಹೇಗೆಂದು ಅವನಿಗೂ ಅವನ ಬಿಳಿಯ ಸಲಹೆಗಾರರಿಗೂ ತಿಳಿಯದಿದ್ದ ಕಾಲ. ಕುಷ್ಠ ಒಂದು ರೋಗಾಣುವಿನಿಂದ ಬರುತ್ತದೆಂದು ನಾರ್ವೆಯ ಹ್ಯಾನ್ಸೆನ್ ಕಂಡುಕೊಂಡದ್ದೇ 1873ರಲ್ಲಿ. ನೂರರಲ್ಲಿ ತೊಂಬತ್ತೈದು ಮಂದಿಗೆ ಈ ರೋಗಾಣುವಿನ ವಿರುದ್ಧ ಹುಟ್ಟಿನಿಂದಲೇ ರಕ್ಷಣೆ ಇರುತ್ತದೆ, ಸೋಂಕು ತಗುಲಿದ ಮೇಲೂ ಚಿಹ್ನೆ ಕಾಣಲು ಐದು, ಹತ್ತು, ಕೆಲವೊಮ್ಮೆ ಇಪ್ಪತ್ತು ವರ್ಷ ಹಿಡಿಯಬಹುದು ಎಂಬುದೆಲ್ಲ ಗೊತ್ತಾದದ್ದು ಎಷ್ಟೋ ನಂತರ. ಆ ಹೊತ್ತಿಗೆ ರೋಗಿಗಳಿಗೆ ಗೊತ್ತಿದ್ದದ್ದು ಇಷ್ಟೇ: ಇದಕ್ಕೆ ಮದ್ದಿಲ್ಲ, ಇದು ನಿಲ್ಲುವುದಿಲ್ಲ. ಮೊದಲು ಒಂದು ಮಚ್ಚೆ, ಆಮೇಲೆ ಮರಗಟ್ಟಿದ ಬೆರಳು, ಆಮೇಲೆ ಮುಖ, ಕಣ್ಣು.

ಹವಾಯಿ ಭಾಷೆಯಲ್ಲಿ ಈ ರೋಗಕ್ಕೊಂದು ಹೆಸರಿದೆ, ಮಾಯಿ ಹೋಕಾವಾಲೆ. ಬೇರೆ ಮಾಡುವ ಕಾಯಿಲೆ ಎಂದರ್ಥ. ಮೈಯನ್ನಲ್ಲ, ಮನುಷ್ಯರನ್ನು ಬೇರೆ ಮಾಡುವುದು. ನಮ್ಮವರು 'ಮಹಾರೋಗ' ಎಂದರು. ಹೆಸರಿಡುವುದರಲ್ಲಿ ಹವಾಯಿಯವರೇ ನಿಜಕ್ಕೆ ಹೆಚ್ಚು ಹತ್ತಿರವಿದ್ದರೆಂದು ನನಗೆ ಅನಿಸಿತು.

ಕೆಳಗೆ ತಲಪುವಾಗ ಮಂಡಿ ನಡುಗುತ್ತಿತ್ತು. ಹತ್ತು ಗಂಟೆಗೆ ಒಂದು ಹಳೆಯ ಶಾಲಾ ಬಸ್ಸು ಬಂತು. ನಾವು ಹದಿನೈದು ಮಂದಿ ಹತ್ತಿದೆವು. ಮಕ್ಕಳಿಗೆ ಯಾಕೆ ಪ್ರವೇಶವಿಲ್ಲ ಎಂದು ನಾನು ಕೇಳುವ ಮೊದಲೇ ಇನ್ನೊಬ್ಬರು ಕೇಳಿದರು. ಬಸ್ಸು ನಡೆಸುತ್ತಿದ್ದವರು ಕನ್ನಡಿಯಲ್ಲಿ ನಮ್ಮನ್ನು ನೋಡುತ್ತ, ಇಲ್ಲಿ ಹುಟ್ಟಿದ ಕೂಸುಗಳನ್ನು ಹುಟ್ಟಿದ ಕೂಡಲೇ ತಾಯಿಯಿಂದ ತೆಗೆದು ಹೊರಗೆ ಕಳಿಸುತ್ತಿದ್ದರು, ಗಾಜಿನಾಚೆಯಿಂದ ನೋಡಬಹುದಿತ್ತು, ಎತ್ತಿಕೊಳ್ಳುವಂತಿರಲಿಲ್ಲ, ಅಂಥವರ ಕಣ್ಣೆದುರು ಊರವರ ಮಕ್ಕಳು ಓಡಾಡುವುದು ಬೇಡ ಅಂತ, ಎಂದರು. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಮೇಲೆ ಕಟ್ಟೆಯ ಮೇಲೆ ಕುಳಿತಿದ್ದ ಮಗಳ ನೆನಪಾಗಿ ನಾನು ಬೆಟ್ಟದ ಕಡೆ ನೋಡಿದೆ. ಮೋಡ ಮುಚ್ಚಿತ್ತು.

ಊರು ಚೊಕ್ಕಟವಾಗಿದೆ. ಚಿಕ್ಕ ಚಿಕ್ಕ ಮರದ ಮನೆಗಳು, ಒಂದು ಅಂಗಡಿ, ಅಂಚೆ ಕಚೇರಿ, ಹಡಗುಕಟ್ಟೆ. ವರ್ಷಕ್ಕೊಮ್ಮೆ ದೊಡ್ಡ ದೋಣಿಯಲ್ಲಿ ಸಾಮಾನು ಬರುತ್ತದಂತೆ. ಫ್ರಿಜ್ಜು, ಹಾಸಿಗೆ, ಕಾರು ಎಲ್ಲವೂ ಆ ಒಂದು ದಿನ. ಎಲ್ಲಕ್ಕಿಂತ ಹೆಚ್ಚಾಗಿರುವುದು ಸಮಾಧಿಗಳು. ಕಡಲ ದಂಡೆಯುದ್ದಕ್ಕೂ ಹೆಸರಿರುವವು, ಹೆಸರಳಿಸಿ ಹೋದವು, ಕಲ್ಲು ಕೂಡ ಇಲ್ಲದವು. ನಾನು ಹೋದಾಗ ಬದುಕಿದ್ದ ಹಳೆಯ ರೋಗಿಗಳು ಇಪ್ಪತ್ತಕ್ಕಿಂತ ಕಡಿಮೆ. ಎಲ್ಲರೂ ಎಂದೋ ಗುಣವಾದವರು. ಒಂದು ಜಗುಲಿಯಿಂದ ಯಾರೋ ವೃದ್ಧರು ಕೈ ಎತ್ತಿದರು. ನಾವೂ ಎತ್ತಿದೆವು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂದರ್ಶಕರ ಹಳೆಯ ಕಟ್ಟಡದ ವಿವರ. ಹೊರಗಿನಿಂದ ನೋಡಲು ಬಂದ ತಾಯಿ, ಅಣ್ಣ, ಗೆಳತಿ ಒಂದು ಕಡೆ, ರೋಗಿ ಇನ್ನೊಂದು ಕಡೆ. ನಡುವೆ ತಂತಿಜಾಲ. ಮಾತಾಡಬಹುದು, ಮುಟ್ಟುವಂತಿಲ್ಲ. ಜೈಲಿನಲ್ಲಿ ಹೀಗಿರುತ್ತದೆ. ಆದರೆ ಜೈಲಿಗೆ ಹೋದವನಿಗೆ ತಾನು ಯಾಕೆ ಬಂದೆನೆಂದು ಗೊತ್ತಿರುತ್ತದೆ, ಎಂದು ಹೊರಬೀಳುತ್ತೇನೆಂಬುದೂ ಗೊತ್ತಿರುತ್ತದೆ.

ಅಲ್ಲಿನ ಪುಟ್ಟ ಪುಸ್ತಕದಂಗಡಿಯಲ್ಲಿ ಒಲಿವಿಯಾ ರೊಬೆಲ್ಲೊ ಬ್ರೈತಾ ಎಂಬಾಕೆಯ ಆತ್ಮಕಥೆ ಕೊಂಡೆ. 1988ರಲ್ಲಿ ಪ್ರಕಟವಾದದ್ದು. ಆಕೆಗೆ ರೋಗ ಪತ್ತೆಯಾದದ್ದು 1934ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ. ಮದುವೆ ಗೊತ್ತಾಗಿತ್ತು. ಮದುವೆಯ ಬದಲು ಹೊನೊಲುಲುವಿನ ಕಲಿಹಿ ಆಸ್ಪತ್ರೆಗೆ ಹೋದಳು. 1937ರಲ್ಲಿ ಕಲಾವುಪಾಪಕ್ಕೆ. ಹೆನ್ರಿ ನಲೈಎಲುವಾ ಎಂಬವರದು ಇನ್ನೂ ಎಳೆಯ ಪ್ರಾಯ. ಪತ್ತೆಯಾದಾಗ ಹತ್ತು ವರ್ಷ. ಹತ್ತು ವರ್ಷದ ಹುಡುಗನಿಗೆ ರೋಗದ ಹೆಸರು ಏನು ತಿಳಿದೀತು? ಅವನಿಗೆ ತಿಳಿಯುವುದು ಅಮ್ಮನ ಮುಖ. ಅದು ಇದ್ದಕ್ಕಿದ್ದಂತೆ ಬದಲಾದದ್ದು. ಮುಂದೆ ಆತ ಚಿತ್ರಕಾರರಾದರು, ಸಂಗೀತಗಾರರಾದರು, ಎಂಬತ್ತು ದಾಟಿ ಬದುಕಿದರು. ಹನ್ನೆರಡನೆಯ ವಯಸ್ಸಿಗೆ ಬಂದ ಮಾಕಿಯಾ ಮಾಲೊ ಇಲ್ಲಿ ಕಣ್ಣು ಕಳೆದುಕೊಂಡರು. ಮೂವತ್ತು ದಾಟಿದ ಮೇಲೆ ಹವಾಯಿ ವಿಶ್ವವಿದ್ಯಾಲಯಕ್ಕೆ ಸೇರಿ ಪದವಿ ಪಡೆದು ಹೆಸರಾಂತ ಕಥೆಗಾರರಾದರು.

ಪತ್ತೆಯಾದ ಆ ಒಂದು ದಿನ ಯಾರು ಏನು ಮಾಡಿದರು ಎಂದು ಹುಡುಕುತ್ತ ಹೋದರೆ ಇಬ್ಬರದು ಒಂದೇ ಬಗೆ ಇಲ್ಲ. ಹಿಲೊ ಊರಿನ ವಕೀಲ ವಿಲಿಯಂ ರಾಗ್ಸ್‌ಡೇಲ್ ಮಾತಿನ ಮಲ್ಲ. ಶಾಸನಸಭೆಯಲ್ಲಿ ಇಂಗ್ಲಿಷು ಹವಾಯಿ ಎರಡಕ್ಕೂ ದುಭಾಷಿ. 1873ರಲ್ಲಿ ತನಗೆ ರೋಗವಿದೆಯೆಂದು ತಾನೇ ಅಧಿಕಾರಿಗಳಿಗೆ ತಿಳಿಸಿ ಶರಣಾದ. ಹಡಗು ಹತ್ತುವ ದಿನ ಜನ ಹೂಮಾಲೆ ಹೊತ್ತು ಬಂದು ಅತ್ತರು. ಅವನು ನಿಂತು ಭಾಷಣ ಮಾಡಿಯೇ ಹೋದ. ಆ ವರ್ಷ ಹವಾಯಿಯಲ್ಲಿದ್ದ ಇಂಗ್ಲಿಷ್ ಪ್ರವಾಸಿ ಇಸಬೆಲ್ಲಾ ಬರ್ಡ್ ಇದನ್ನು ಬರೆದಿದ್ದಾಳೆ. ಇಲ್ಲಿ ಬಂದು ಅವನು ವಸಾಹತಿನ ಮೇಲ್ವಿಚಾರಕನಾದ. ದರ್ಪದವನೆಂದು ಹೆಸರು. ಎಲ್ಲವನ್ನೂ ಕಳೆದುಕೊಂಡವನು ಸಿಕ್ಕ ಒಂದು ಅಧಿಕಾರವನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ನನಗೇನೂ ಆಶ್ಚರ್ಯವೆನಿಸಲಿಲ್ಲ.

ಕವಾಯಿ ದ್ವೀಪದ ಕೂಲಾವ್ ಮಾಡಿದ್ದು ಇದಕ್ಕೆ ಪೂರ್ತಿ ವಿರುದ್ಧ. ದನ ಕಾಯುವ ಸವಾರ, ಒಳ್ಳೆಯ ಗುರಿಕಾರ. ರೋಗ ಖಚಿತವಾದಾಗ ಅವನು ಹೋಗಲು ಒಲ್ಲೆನೆಂದಿರಲಿಲ್ಲ. ಹೆಂಡತಿ ಪೀಲಾನಿ ಜೊತೆಗೆ ಬರುವುದಾದರೆ ಬರುತ್ತೇನೆ ಎಂದಿದ್ದ. ಅದಾಗದು ಎಂದರು. ಅವನು ಹೆಂಡತಿಯನ್ನೂ, ಅಷ್ಟರಲ್ಲಿ ರೋಗದ ಚಿಹ್ನೆ ಕಾಣಿಸಿಕೊಂಡಿದ್ದ ಮಗನನ್ನೂ ಕರೆದುಕೊಂಡು ಕಲಲಾವ್ ಕಣಿವೆ ಸೇರಿದ. 1893ರಲ್ಲಿ ಹಿಡಿಯಲು ಬಂದ ಸ್ಟೋಲ್ಜ್ ಎಂಬ ಅಧಿಕಾರಿಯನ್ನು ಗುಂಡಿಟ್ಟು ಕೊಂದ. ಹವಾಯಿಯ ರಾಣಿಯನ್ನು ಆ ವರ್ಷವೇ ಪದಚ್ಯುತಗೊಳಿಸಿದ್ದ ಹೊಸ ಸರಕಾರ ಸೈನಿಕರನ್ನೂ ಫಿರಂಗಿಯನ್ನೂ ಕಳಿಸಿತು. ಸಿಗಲಿಲ್ಲ. ಆ ಕಾಡಿನಲ್ಲಿ ಮೊದಲು ಮಗ, ಆಮೇಲೆ ಗಂಡ ತೀರಿಕೊಂಡರು. ಇಬ್ಬರನ್ನೂ ತನ್ನ ಕೈಯಾರೆ ಹೂತು ಪೀಲಾನಿ ಒಬ್ಬಳೇ ಊರಿಗೆ ಮರಳಿದಳು. ಅವಳಿಗೆ ರೋಗ ತಗುಲಿರಲೇ ಇಲ್ಲ. ಅವಳು ಹೇಳಿದ ಕಥೆ 1906ರಲ್ಲಿ ಹವಾಯಿ ಭಾಷೆಯಲ್ಲಿ ಪುಸ್ತಕವಾಯಿತು.

ಹಾಗೆಂದು ಎಲ್ಲ ಹೆಂಡಿರನ್ನೂ ತಡೆದಿದ್ದರೆಂದಲ್ಲ. ಮೊದಮೊದಲು ಆರೋಗ್ಯವಂತ ಗಂಡ, ಹೆಂಡತಿ, ತಾಯಿ ರೋಗಿಯ ಜೊತೆ ಇಲ್ಲಿಗೆ ಬಂದು ಇರಲು ಬಿಡುತ್ತಿದ್ದರು. ಅವರನ್ನು ಕೊಕುವಾ ಎನ್ನುತ್ತಿದ್ದರು, ನೆರವಾಗುವವರು ಎಂದು. ಅದೇ ಕಾಲದಲ್ಲಿ ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಕಾನೂನೂ ಆಯಿತು. ಬರುವವರೂ ಇದ್ದರು, ಬಿಡುವವರೂ ಇದ್ದರು. ಓದುಗರು ಇದನ್ನು ದೂರದೇಶದ ಹಳೆಯ ಕಥೆ ಎಂದು ಪುಟ ಮಗುಚುವ ಮೊದಲು ಒಂದು ಮಾತು. ಕುಷ್ಠವನ್ನು ವಿಚ್ಛೇದನದ ಕಾರಣಗಳ ಪಟ್ಟಿಯಿಂದ ನಮ್ಮ ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ.

ಈಗ ಸಣ್ಣಮಾವನ ವಿಷಯ ಹೇಳಬೇಕು. ಯಜಮಾನರಿಗೆ ನಾನು ಕೊಡದಿದ್ದ ಉತ್ತರ ಅದೇ.

ನನ್ನ ತಾಯಿಯ ತವರು ಮಲೆನಾಡಿನ ಒಂದು ಅಡಿಕೆ ತೋಟದ ಮನೆ. ಅಮ್ಮನ ಕೊನೆಯ ತಮ್ಮ ಸಣ್ಣಮಾವ ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದ. ಆ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ. 1966ರಲ್ಲಿ, ಕೊನೆಯ ವರ್ಷದಲ್ಲಿದ್ದಾಗ, ಮೊಣಕೈ ಮೇಲಿನ ಒಂದು ಮಾಸಲು ಮಚ್ಚೆ ಸೊಳ್ಳೆ ಕಚ್ಚಿದರೂ ತಿಳಿಯುತ್ತಿಲ್ಲವೆಂದು ಡಾಕ್ಟರ ಹತ್ತಿರ ಹೋದನಂತೆ. ಅವರು ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮುಟ್ಟಿ, "ಎಲ್ಲಿ ಮುಟ್ಟಿದೆ ಹೇಳು" ಎಂದರಂತೆ. ಆಮೇಲೆ ಗುಂಡುಸೂಜಿ. ಅವನು ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದ. ಅವರು ಆಗಲೇ ನಾಲ್ಕು ಸಲ ಚುಚ್ಚಿಯಾಗಿತ್ತು. ಇದನ್ನು ಅವನೇ ಅಮ್ಮನಿಗೆ ಹೇಳಿದ್ದು, ಒಂದೇ ಒಂದು ಸಲ.

ಆ ದಿನ ಅವನು ಹಾಸ್ಟೆಲಿಗೆ ಮರಳಲಿಲ್ಲ. ಬಸ್ಸು ಹತ್ತಿ ಊರಿಗೂ ಬರಲಿಲ್ಲ. ಎರಡು ದಿನ ತುಂಗಾ ನದಿಯ ದಂಡೆಯಲ್ಲಿ, ಯಾವುದೋ ಮಂಟಪದಲ್ಲಿ ಕಳೆದನಂತೆ. ಮೂರನೆಯ ದಿನ ಮನೆಗೆ ಬಂದು ಟ್ರಂಕು ಇಳಿಸಿದಾಗ ಅಜ್ಜ "ಪರೀಕ್ಷೆ ಮುಗೀತೇನೋ?" ಎಂದರು. ಅವನು "ಮುಗೀತು" ಎಂದ. ನಿಶ್ಚಿತಾರ್ಥವಾಗಿದ್ದ ಹುಡುಗಿಯ ಕಡೆಯವರಿಗೆ ಅಜ್ಜ ಬೇರೇನೋ ಕಾರಣ ಹೇಳಿ ಕಳಿಸಿದರು. ರೋಗದ ಹೆಸರನ್ನು ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಆ ಹೊತ್ತಿಗೆ ಡ್ಯಾಪ್ಸೋನ್ ಮಾತ್ರೆ ಬಂದಿತ್ತು. ವರ್ಷಗಟ್ಟಲೆ ನುಂಗಿದ. ನಾನು ಬುದ್ಧಿ ಬಲ್ಲವಳಾಗುವ ಹೊತ್ತಿಗೆ ರೋಗಾಣು ಇಲ್ಲವೆಂದು ವೈದ್ಯರು ಬರೆದುಕೊಟ್ಟ ಕಾಗದ ಅವನ ಟ್ರಂಕಿನಲ್ಲಿ ಮಡಿಸಿ ಬಿದ್ದಿತ್ತು. ಆದರೂ ಹೊರಜಗುಲಿಯ ಕೋಣೆ ಅವನದು. ತಟ್ಟೆ, ಲೋಟ ಬೇರೆ. ಯಾರ ಮದುವೆಯಲ್ಲೂ ಪಂಕ್ತಿಯಲ್ಲಿ ಕೂರಲಿಲ್ಲ. 2009ರಲ್ಲಿ ಹೋದ.

ಒಲಿವಿಯಾಳ ಪುಸ್ತಕವನ್ನು ಚೀಲಕ್ಕೆ ಹಾಕಿಕೊಳ್ಳುವಾಗ ನನಗೆ ಹೊಳೆದದ್ದು ಇದು. ಇಲ್ಲಿಯವರಿಗೆ ಬೆಟ್ಟವಿತ್ತು, ಕಡಲಿತ್ತು, ಕಾಯ್ದೆಯಿತ್ತು. ಸಣ್ಣಮಾವನನ್ನು ಯಾರೂ ಎಲ್ಲಿಗೂ ಕಳಿಸಲಿಲ್ಲ.

ಬಸ್ಸು ಪೂರ್ವದ ಕಡೆಗೆ, ಕಲವಾವೊಗೆ ಹೋಯಿತು. ಮೊದಲ ವಸಾಹತು ಇದ್ದದ್ದು ಆ ಮಳೆಗಾಳಿಯ ಬದಿಯಲ್ಲೇ. ಹೊಸತಾಗಿ ಬಂದ ರೋಗಿಗಳಲ್ಲಿ ಮೂವತ್ತೈದು ಮಂದಿ ಸೇರಿ 1866ರಲ್ಲೇ ಸ್ಥಾಪಿಸಿದ ಸಿಲೋವಾಮಾ ಚರ್ಚು ಅಲ್ಲಿದೆ. ಹೇಳುವವರು ಹೆಚ್ಚಾಗಿ ಇದನ್ನು ಬಿಟ್ಟು ಮುಂದಿನದಕ್ಕೆ ಹಾರುತ್ತಾರೆ. ಯಾವ ಪಾದ್ರಿಯೂ ಬರುವ ಮೊದಲೇ ಇವರೇ ಕೂಡಿ ಏನನ್ನೋ ಕಟ್ಟಿಕೊಂಡಿದ್ದರೆಂಬುದು ನನಗೆ ಮುಖ್ಯವೆನಿಸಿತು.

ಮುಂದಿನದು ಸೇಂಟ್ ಫಿಲೊಮಿನಾ ಚರ್ಚು, ಫಾದರ್ ಡೇಮಿಯನ್ ಅವರದು. ಬೆಲ್ಜಿಯಂನ ಟ್ರೆಮೆಲೊ ಎಂಬ ಹಳ್ಳಿಯ ರೈತನ ಮಗ. 1873ರ ಮೇ 10ರಂದು ಇಲ್ಲಿ ಇಳಿದಾಗ ಮೂವತ್ತಮೂರು ವರ್ಷ. ಮನೆಯಿಲ್ಲದೆ ಮೊದಲ ರಾತ್ರಿಗಳನ್ನು ಒಂದು ಮರದ ಕೆಳಗೆ ಕಳೆದರಂತೆ. ನಮ್ಮ ಕೇದಗೆಯ ಜಾತಿಯ ಮರ ಅದು. ಬಡಗಿ, ಗಾರೆಯವ, ದಾದಿ, ಗೋರಿ ತೋಡುವವ ಎಲ್ಲವೂ ಅವರೇ. ಗಾಯ ತೊಳೆದರು, ರೋಗಿಗಳ ಜೊತೆ ಒಂದೇ ಪಾತ್ರೆಗೆ ಕೈ ಹಾಕಿ ಉಂಡರು, ಅವರ ಚಿಲುಮೆ ತಾವೂ ಸೇದಿದರು. 1884ರ ಕೊನೆಯಲ್ಲಿ ಒಂದು ದಿನ ದಣಿದ ಕಾಲುಗಳನ್ನು ಬಿಸಿನೀರಿನಲ್ಲಿಟ್ಟರು. ಚರ್ಮ ಸುಟ್ಟು ಬೊಬ್ಬೆಯೆದ್ದಿತು, ಉರಿ ಮಾತ್ರ ತಿಳಿಯಲಿಲ್ಲ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಹೀಗೆ ಹೇಳಿ ಮುಗಿಸುತ್ತಾರೆ: ಸಂತ ನಗುತ್ತ ಸ್ವೀಕರಿಸಿದರು. ಅರ್ಧ ನಿಜ. ಈ ದ್ವೀಪ ಬಿಡಬೇಕಾಗುವುದಾದರೆ ಗುಣವಾಗುವುದೂ ಬೇಡ ಎಂದು ಅವರು ಹೇಳಿದ್ದು ದಾಖಲೆಯಲ್ಲಿದೆ. ಆದರೆ ಅದೇ ಡೇಮಿಯನ್ 1886ರಲ್ಲಿ ಹೊನೊಲುಲುವಿಗೆ ಹೋಗಿ ಗೊಟೊ ಎಂಬ ಜಪಾನಿ ವೈದ್ಯರ ಔಷಧಿ ಸ್ನಾನದ ಚಿಕಿತ್ಸೆ ಪಡೆದರು. ಮರಳಿ ಬಂದು ಇಲ್ಲಿಯೂ ಸ್ನಾನದ ಮನೆ ಕಟ್ಟಿಸಲು ಹಟ ಹಿಡಿದರು. ಆಸೆ ಇತ್ತು. ಕೋಪವೂ ಇತ್ತು, ಮೇಲಧಿಕಾರಿಗಳ ಜೊತೆ ಜಗಳವೂ. ಕೊನೆಕೊನೆಗೆ ತಾನು ಸ್ವರ್ಗಕ್ಕೆ ಯೋಗ್ಯನಲ್ಲವೆಂಬ ಕೊರಗು ಅವರನ್ನು ಕಾಡಿತ್ತೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಹನ್ನೊಂದು ವರ್ಷ ಪ್ರತಿದಿನ ರೋಗವನ್ನು ಎದುರಿಗೆ ಕಂಡವರಿಗೂ, ತನ್ನ ಕಾಲು ತನಗೆ ತಿಳಿಯದಾದ ದಿನ ಬೇರೆಯದೇ ದಿನವಾಗಿರಬೇಕು. ರೋಗ ತಿಳಿದ ಮೇಲೆ ಅವರ ಕೆಲಸ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಸಾಯುವ ಹೊತ್ತಿಗೂ ಚರ್ಚಿನ ವಿಸ್ತರಣೆ ನಡೆದೇ ಇತ್ತು. 1889ರ ಏಪ್ರಿಲ್ 15ರಂದು ತೀರಿಕೊಂಡರು, ನಲವತ್ತೊಂಬತ್ತಕ್ಕೆ. 1936ರಲ್ಲಿ ಅವರ ದೇಹವನ್ನು ಬೆಲ್ಜಿಯಂಗೆ ಒಯ್ದರು. 1995ರಲ್ಲಿ ಬಲಗೈಯ ಅವಶೇಷವನ್ನು ಮರಳಿ ತಂದು ಇಲ್ಲಿ ಹೂಳಿದರು. 2009ರಲ್ಲಿ ಸಂತ ಪದವಿ. ಅವರಿಗೆ ಕೊನೆಗಾಲದಲ್ಲಿ ಆಸರೆಯಾಗಿ, ಮುಂದೆ ಮೂವತ್ತು ವರ್ಷ ಇಲ್ಲೇ ದುಡಿದು 1918ರಲ್ಲಿ ತೀರಿಕೊಂಡ ಮದರ್ ಮರಿಯಾನ್ ಕೋಪ್‌ಗೆ 2012ರಲ್ಲಿ.

ಡೇಮಿಯನ್ ಸತ್ತ ಮರುತಿಂಗಳು ಇಲ್ಲಿಗೆ ಬಂದವರು ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್. ಸ್ವತಃ ಎದೆಯ ರೋಗಿ. ಒಂದು ವಾರ ಇದ್ದು ಇಲ್ಲಿಯ ಹುಡುಗಿಯರಿಗೆ ಕ್ರೋಕೆ ಆಟ ಕಲಿಸಿದರು. ಹೋದ ಮೇಲೆ ಅವರಿಗೆ ಒಂದು ಪಿಯಾನೊ ಕಳಿಸಿಕೊಟ್ಟರು.

ಚರ್ಚಿನಾಚೆಯ ಹುಲ್ಲಿನ ಮೇಲೆ ಕುಳಿತು ಕಟ್ಟಿ ತಂದಿದ್ದ ಚಪಾತಿ ತಿಂದೆ. ಎದುರಿಗೆ ಕಡಲಿನಿಂದೆದ್ದ ಹಸಿರು ಗೋಡೆಗಳು, ಜಗತ್ತಿನ ಅತಿ ಎತ್ತರದ ಕಡಲ ಬಂಡೆಗಳಲ್ಲಿ ಇವೂ ಸೇರಿವೆ. ಇಷ್ಟು ಚಂದದ ಜಾಗವನ್ನು ನಾನು ಕಂಡಿಲ್ಲ. ಹಾಗೆ ಅನಿಸಿದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು.

ಮದ್ದಿನ ಕಥೆಯಲ್ಲಿ ನಮ್ಮ ಕಾಡಿನ ಪಾಲೂ ಒಂದಿಷ್ಟು ಇದೆ. ಮಾತ್ರೆಗಳು ಬರುವ ಮೊದಲು ಕುಷ್ಠಕ್ಕೆ ಇದ್ದ ಒಂದೇ ಔಷಧಿ ಚೌಲಮೂಗ್ರ ಎಣ್ಣೆ. ಪಶ್ಚಿಮಘಟ್ಟದ ಹೊಳೆದಂಡೆಗಳಲ್ಲಿ ಬೆಳೆಯುವ ಗರುಡಫಲ ಇದೇ ಕುಲದ್ದು. ಕುಡಿದರೆ ವಾಂತಿ, ಚುಚ್ಚಿದರೆ ಅಂಟಾಗಿ ಚರ್ಮದಡಿ ಗಂಟು. ಆ ಎಣ್ಣೆಯನ್ನು ರಕ್ತಕ್ಕೆ ಸೇರುವಂತೆ ತಿಳಿಮಾಡುವ ವಿಧಾನ ಕಂಡುಹಿಡಿದದ್ದು ಹವಾಯಿ ಕಾಲೇಜಿನ ಆಲಿಸ್ ಬಾಲ್, 1915ರಲ್ಲಿ ಅಲ್ಲಿ ಎಂ.ಎಸ್ಸಿ. ಪಡೆದ ಮೊದಲ ಮಹಿಳೆ, ಮೊದಲ ಕಪ್ಪು ಜನಾಂಗದವಳು. 1916ರ ಕೊನೆಯ ದಿನ ಇಪ್ಪತ್ತನಾಲ್ಕನೆಯ ವಯಸ್ಸಿಗೆ ತೀರಿಕೊಂಡಳು. ಕೀರ್ತಿ ಬೇರೊಬ್ಬರ ಪಾಲಾಯಿತು. 2000ರಲ್ಲಿ ಹೊನೊಲುಲುವಿನ ವಿಶ್ವವಿದ್ಯಾಲಯದ ಆವರಣದಲ್ಲಿ ಚೌಲಮೂಗ್ರ ಮರವೊಂದರ ಬಳಿ ಅವಳ ಹೆಸರಿನ ಫಲಕ ಹಾಕಿದರು. ಮಗಳಿಗೆ ಅದನ್ನು ತೋರಿಸಿದ್ದೆವು. ವಿಜ್ಞಾನ ಓದಬೇಕೆಂದಿರುವ ಹುಡುಗಿಯರು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ನಿಜವಾದ ಮದ್ದು, ಸಲ್ಫೋನ್, ಇಲ್ಲಿಗೆ ಬಂದದ್ದು 1946ರಲ್ಲಿ. ಇಪ್ಪತ್ತಮೂರು ವರ್ಷ ಕಳೆದು 1969ರಲ್ಲಿ ಪ್ರತ್ಯೇಕತೆಯ ಕಾನೂನು ರದ್ದಾಯಿತು. ಬೇಕಾದಲ್ಲಿಗೆ ಹೋಗಿ ಎಂದರು. ಅನೇಕರು ಹೋಗಲಿಲ್ಲ. ಯಾರ ಮನೆಗೆ ಹೋಗುವುದು? ಮನೆಯೆಂದರೆ ಇದೇ ಆಗಿತ್ತು. 1980ರಲ್ಲಿ ಊರನ್ನು ರಾಷ್ಟ್ರೀಯ ಉದ್ಯಾನವಾಗಿ ಮಾಡಿ, ಬದುಕಿರುವವರೆಗೂ ಇಲ್ಲೇ ಇರುವ ಹಕ್ಕನ್ನು ಅವರಿಗೆ ಉಳಿಸಿಕೊಟ್ಟರು. ಈಗ ಕುಷ್ಠ ಆರರಿಂದ ಹನ್ನೆರಡು ತಿಂಗಳ ಬಹುಔಷಧಿ ಚಿಕಿತ್ಸೆಯಿಂದ ಪೂರ್ತಿ ಗುಣವಾಗುತ್ತದೆ. ನಮ್ಮಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಔಷಧಿ ಶುರುವಾದ ಕೆಲವೇ ದಿನಗಳಲ್ಲಿ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ಜಗತ್ತಿನಲ್ಲಿ ಪ್ರತಿವರ್ಷ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂದಿಗೂ ಭಾರತದವರು. ಸ್ಪರ್ಶ ತಿಳಿಯದ ಮಚ್ಚೆ ಮಕ್ಕಳ ಮೈಮೇಲೆ ಕಂಡರೆ ಬಚ್ಚಿಡಬೇಡಿ, ತೋರಿಸಿ.

ಹೋಗಬಯಸುವವರಿಗೆ ಒಂದು ಸೂಚನೆ. 2018ರ ಕೊನೆಯಲ್ಲಿ ಭೂಕುಸಿತವಾಗಿ ನಾನಿಳಿದ ಕಾಲುದಾರಿ ಮುಚ್ಚಿತು. 2020ರಲ್ಲಿ ಕೋವಿಡ್ ಬಂದಾಗ ಪ್ರವಾಸಗಳೂ ನಿಂತವು. ವಿಚಾರಿಸಿಕೊಂಡೇ ಹೊರಡುವುದು ಒಳ್ಳೆಯದು.

ಮೇಲೆ ಹತ್ತಲು ನನಗೆ ಎರಡು ಗಂಟೆಗೂ ಮಿಕ್ಕಿ ಹಿಡಿಯಿತು. ಕೊನೆಯ ತಿರುವಿನಲ್ಲಿ ಮಗಳು ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಅಪ್ಪನ ದುರ್ಬೀನಿನಲ್ಲಿ ನಮ್ಮ ಬಸ್ಸು ಇರುವೆಯಂತೆ ಹರಿದಾಡಿದ್ದನ್ನು ನೋಡಿದಳಂತೆ. ಸಂಜೆ ವಸತಿಗೃಹದ ಮೆಟ್ಟಿಲ ಮೇಲೆ ಕುಳಿತು ಕಿತ್ತಳೆ ಸುಲಿಯುತ್ತ ಅವಳು ಎಲ್ಲವನ್ನೂ ಕೇಳಿದಳು. ರಾಗ್ಸ್‌ಡೇಲ್, ಪೀಲಾನಿ, ಬಿಸಿನೀರು, ತಂತಿಜಾಲ. ಆಮೇಲೆ ತಾನಾಗಿಯೇ ಕೇಳಿದಳು.

"ಅಮ್ಮಾ, ತೋಟದ ಮನೆಯ ಸಣ್ಣಜ್ಜ ಯಾಕೆ ಹೊರಗೆ ಕೂತು ಊಟ ಮಾಡ್ತಿದ್ರು? ನಾನು ಒಂದ್ಸಲ ಅವರ ಲೋಟದಲ್ಲಿ ನೀರು ಕುಡಿಯೋಕೆ ಹೋದಾಗ ನೀನು ಕಿತ್ಕೊಂಡಿದ್ದೆ."

ಅವಳಿಗೆ ನೆನಪಿರಬಹುದೆಂದು ನಾನು ಎಣಿಸಿರಲಿಲ್ಲ. ಆಗ ಅವಳಿಗೆ ಏಳೋ ಎಂಟೋ ವರ್ಷ. ರೋಗದ ಹೆಸರನ್ನು ನಾನು ಗಟ್ಟಿಯಾಗಿ ಹೇಳಿದ್ದು ಅಂದೇ ಮೊದಲು. ಗುಂಡುಸೂಜಿಯ ಕಥೆ ಹೇಳಿದೆ, ಟ್ರಂಕಿನ ಕಾಗದದ ವಿಷಯವನ್ನೂ ಹೇಳಿದೆ. ಇವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

"ಅಂದ್ರೆ ಅವರಿಗೆ ವಾಸಿ ಆಗಿತ್ತು. ಮತ್ತೆ ನೀವ್ಯಾರೂ ಅವರ ಪಕ್ಕ ಕೂತು ಊಟ ಮಾಡ್ಲೇ ಇಲ್ವಾ?"

"ನಾನು ಒಂದ್ಸಲ ಕೂತಿದ್ದೆ" ಎಂದೆ. "ನಿನ್ನಷ್ಟೇ ಇದ್ದೆ ಆಗ. ಹಬ್ಬದ ದಿನ, ಎಲೆ ತಗೊಂಡು ಹೋಗಿ ಜಗುಲಿ ಮೇಲೆ ಕೂತೆ. ಅವನು ಏನೂ ಅನ್ನಲಿಲ್ಲ, ಸ್ವಲ್ಪ ಆಚೆ ಸರಿದು ಜಾಗ ಮಾಡಿದ. ಅಷ್ಟರಲ್ಲಿ ಒಳಗಿಂದ ಅಜ್ಜಿ ಕರೆದ್ರು."

"ನೀನೇನು ಮಾಡ್ದೆ?"

"ಎಲೆ ಎತ್ಕೊಂಡು ಒಳಗೆ ಹೋದೆ."

ಅವಳು ಕಿತ್ತಳೆಯ ಅರ್ಧವನ್ನು ನನ್ನ ಕೈಗೆ ಕೊಟ್ಟು, ಉಳಿದರ್ಧವನ್ನು ತಿನ್ನುತ್ತ ಕೂತಳು.